ದೇವರ ಮನೆಯಲ್ಲಿ ಸಮುದ್ರ

ಸೇಡು ತೀರಿಸಿಕೊಂಡ ಮೇಲೆ ಮನಸ್ಸು ಭಾರವಾಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಸರಿಯಾಗಿ ತೀರಿಸಿಕೊಂಡಿರಲಿಕ್ಕಿಲ್ಲ. ನನಗಂತೂ ಆ ದಿನ ಸೊಗಸಾದ ನಿದ್ದೆ ಬಂತು.

ನಾನು ಕೊಲ್ಲಿ ನಾಡಿನ ಖೈತಾನ್‌ನ ಒಂದು ಇಂಡಿಯನ್ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನನ್ನ ಅಮ್ಮ ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು; ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಒಮ್ಮೆ ಪಾಠಕ್ಕೆಂದು ನಾನು ಪ್ರಾಚೀನ ಮಾಯಾ ಜನರ ಕೆತ್ತನೆಗಳನ್ನು ಹುಡುಕಲು ಕೂತವಳು ಅಲ್ಲಿಂದ ಏಳಲೇ ಇಲ್ಲ. ಮಧ್ಯ ಅಮೆರಿಕದ ಕಾಡಿನ ನಡುವೆ ಊರು ಕಟ್ಟಿಕೊಂಡಿದ್ದ ಆ ಜನರಲ್ಲಿ ಎಷ್ಟೋ ಮಂದಿ ಸಮುದ್ರವನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಆದರೂ ಅವರ ಭೂಮಿ ಸಮುದ್ರದ ಮೇಲೆ ತೇಲುವ ಆಮೆ. ಅದರ ಬೆನ್ನು ಬಿರಿದು ಮೆಕ್ಕೆಜೋಳದ ದೇವರು ಮೇಲೆದ್ದು ಬರುತ್ತಾನೆ. ಸೂರ್ಯ ಹುಟ್ಟುವುದು ಸಮುದ್ರದಿಂದ, ಸತ್ತವರು ಹೋಗುವುದು ನೀರಿನ ಕೆಳಗೆ. ಒಬ್ಬ ಮುದಿ ದೇವರಂತೂ ಶಂಖದೊಳಗಿಂದ ಇಣುಕುತ್ತಾನೆ. ಗುಡಿ ಕಟ್ಟುವಾಗ ದೂರದ ಕಡಲಿನಿಂದ ಚಿಪ್ಪು, ಹವಳ, ತೊರಕೆ ಮೀನಿನ ಬಾಲದ ಮುಳ್ಳು ಹೊತ್ತು ತಂದು ನೆಲದಡಿಯಲ್ಲಿ ಹೂಳುತ್ತಿದ್ದರು. ಆ ಮುಳ್ಳಿನಿಂದಲೇ ರಾಜರು ಮೈ ಚುಚ್ಚಿಕೊಂಡು ದೇವರಿಗೆ ರಕ್ತ ಕೊಡುತ್ತಿದ್ದರು. ನನ್ನಮ್ಮ ಅದೇ ಮುಳ್ಳನ್ನು ಕತ್ತರಿಸಿ ಎಸೆದು ಮೀನನ್ನು ಬುಟ್ಟಿಗೆ ಹಾಕುತ್ತಿದ್ದಳು.

ಕಳೆದ ವರ್ಷ ನಮ್ಮ ಕನ್ನಡದವರ ಬಳಗದ ರಂಗೋಲಿ ಸ್ಪರ್ಧೆಯಲ್ಲಿ ನಾನು ಈ ಸಮುದ್ರವನ್ನೇ ಬಿಡಿಸಿದೆ. ಮಾಯಾ ಕೆತ್ತನೆಗಳ ಒಂಟಿ ಹಲ್ಲಿನ ಶಾರ್ಕ್, ಆಮೆ, ಶಂಖದೊಳಗಿನ ಮುದುಕ. ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ ಮೈಕ್ ಹಿಡಿದು ಬಂದಳು. ಮೈಸೂರು ಕಡೆಯವಳು, ಗಂಡನಿಗೆ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ.

"ಇದ್ಯಾರ್ರೀ ಬಿಡ್ಸಿದ್ದು? ಓ, ನೀವಾ? ಹತ್ರ ಬಂದ್ರೆ ಫಿಶ್ ಮಾರ್ಕೆಟ್ ವಾಸ್ನೆ ಬರ್ತಿದೆಯಲ್ರೀ! ಹುಟ್ಟುಗುಣ ಸುಟ್ರೂ ಹೋಗಲ್ಲ ನೋಡಿ!"

ಸಭಾಂಗಣವೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು ತಲೆ ತಗ್ಗಿಸಿದಳು. ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದಳು, "ಅಮ್ಮಾ, ಡೂ ವೀ ಸ್ಮೆಲ್?" ಆಮೇಲೆ ತನ್ನ ಅಂಗೈಯನ್ನು ಮೂಸಿ ನೋಡಿಕೊಂಡಳು. ನನಗೆ ಏನೇ ಅಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ಮಗಳು ಕೈ ಮೂಸಿದ್ದನ್ನು ನುಂಗಲು ನನ್ನಿಂದ ಆಗಲಿಲ್ಲ. ಈ ಹೆಂಗಸಿನ ಬಾಯಿಂದಲೇ ಮಗಳಿಗೆ ಉತ್ತರ ಕೊಡಿಸುತ್ತೇನೆ ಎಂದು ಸ್ಟಿಯರಿಂಗ್ ಹಿಡಿದುಕೊಂಡೇ ನಿರ್ಧರಿಸಿದೆ.

ಅವಕಾಶವನ್ನು ಅವಳೇ ತಟ್ಟೆಯಲ್ಲಿಟ್ಟು ಕೊಟ್ಟಳು. ಬೇಸಿಗೆಯಲ್ಲಿ ಹೊಸ ಫ್ಲಾಟಿಗೆ ಹೋಗುವವಳಿದ್ದಳು. "ದೇವ್ರ ಮನೆಗೆ ಒಂದು ದೊಡ್ಡ ಶಂಖ ಬೇಕಿತ್ತು ಕಣ್ರೀ. ನಿಮಗೆ ದೋಣಿಯವ್ರೆಲ್ಲ ಗೊತ್ತಿರ್ತಾರಲ್ವಾ?" ಎಂದು ಫೋನ್ ಮಾಡಿದಳು.

"ಅದಕ್ಕೆಂತ ಮೇಡಂ, ನಾನೇ ತಂದು ಕೊಡ್ತೇನೆ," ಎಂದೆ.

ಮೀನಿನ ದೋಣಿಗಳು ನಿಲ್ಲುವಲ್ಲಿಗೆ ಹೋಗಿ, ಬಲೆಗೆ ಸಿಕ್ಕಿದ್ದ ಒಂದು ಶಂಖವನ್ನು ಒಳಗಿನ ಜೀವದ ಸಮೇತ ತಂದೆ. ಶಂಖವೆಂದರೆ ಮಾಂಸ ತಿಂದು ಬದುಕುವ ಒಂದು ಹುಳುವಿನ ಮನೆ. ಪೂಜೆ ಮಾಡುವವರಿಗೆ ಇದು ನೆನಪಿರುವುದಿಲ್ಲ. ಕುದಿಸಿ ಕೊಕ್ಕೆ ಹಾಕಿ ಎಳೆದರೆ ಮಾಂಸ ಬರುತ್ತದೆ, ತುದಿಯ ಸುರುಳಿಯಲ್ಲಿ ಕಪ್ಪು ಕರುಳು ಉಳಿಯುತ್ತದೆ. ಅದನ್ನು ಬಿಟ್ಟರೆ ಮನೆ ಬಿಟ್ಟು ಓಡಬೇಕು ಎಂದು ಅಮ್ಮ ಹೇಳುತ್ತಿದ್ದಳು. ನಾನು ಅದನ್ನು ಬಿಟ್ಟೆ. ಬಾಲ್ಕನಿಯ ಬಿಸಿಲಲ್ಲಿಟ್ಟಾಗ ಕರುಳು ಒಳಗೇ ಒಣಗಿ ಗಟ್ಟಿಯಾಯಿತು, ವಾಸನೆ ಅಡಗಿತು. ಹೊರಗೆ ಹೊಳಪು ಬರುವಂತೆ ಉಜ್ಜಿ, ಹಿತ್ತಾಳೆಯ ಪೀಠದ ಮೇಲೆ ಕೂರಿಸಿ, ಗೃಹಪ್ರವೇಶದ ದಿನ ಕೈಗಿತ್ತೆ. ದೇವರಿಗೆ ಅಪಚಾರವಾಯಿತೇ ಎಂದು ಕೇಳಬಹುದು. ಹಾಲುಗಡಲಿನಲ್ಲಿ ಮಲಗಿದವನಿಗೆ ಕಡಲಿನ ವಾಸನೆ ಹೊಸದಲ್ಲ. ಮಾಯಾದವರು ಗುಡಿಯಡಿಯಲ್ಲಿ ಸಮುದ್ರ ಹೂಳಿದರು, ನಾನು ಅವಳ ಗುಡಿಯೊಳಗೇ ಇಟ್ಟೆ.

ಶಂಖದಿಂದ ಬಂದರೆ ತೀರ್ಥ ಎಂದು ನಂಬಿದವಳು ಅವಳು. ದಿನವೂ ಅದರಲ್ಲಿ ನೀರು ತುಂಬಿಸಿ ದೇವರಿಗೆ ಅಭಿಷೇಕ ಮಾಡಿದಳು. ಒಣಗಿದ್ದ ಕರುಳು ನೀರು ಕುಡಿದು ಎಚ್ಚರಗೊಂಡಿತು. ಅವಳು ಪ್ಲಂಬರನನ್ನು ಕರೆಸಿದಳು, ಎಸಿ ಬಿಚ್ಚಿಸಿದಳು, ಕಾರ್ಪೆಟ್ ಎಸೆದಳು. ಶಂಖ ನಾರಬಹುದೆಂಬುದು ಮಾತ್ರ ಅವಳ ತಲೆಗೆ ಹೊಳೆಯುವಂತೆಯೇ ಇರಲಿಲ್ಲ. ಬಳಗದ ಗುಂಪಿನಲ್ಲಿ ಅವಳ ಗೋಳು ಓದುತ್ತ ನಾನು ನೆಮ್ಮದಿಯಾಗಿ ಚಹಾ ಕುಡಿದೆ.

ಒಂದು ಶುಕ್ರವಾರ ಸಂಜೆ ಅವಳ ಮನೆಯಲ್ಲಿ ಭಜನೆ. ಮಗಳನ್ನು ಕರೆದುಕೊಂಡೇ ಹೋದೆ. ಹೆಂಗಸರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡು ಹಾಡುತ್ತಿದ್ದರು.

"ಕೆಳಗಿನ ಮನೇಲಿ ಮಂಗಳೂರು ಬ್ಯಾರಿಗಳಿದ್ದಾರೆ ಕಣ್ರೀ, ಮೂರು ಹೊತ್ತೂ ಮೀನು. ಹಾರಿಸ್‌ಗೆ ಕಂಪ್ಲೇಂಟ್ ಮಾಡಿದ್ದೀನಿ," ಎಂದಳು ಕಾರ್ಯದರ್ಶಿ. ಅಷ್ಟರಲ್ಲಿ ಕಟ್ಟಡದ ಕಾವಲುಗಾರನಾದ ಆ ಹಾರಿಸ್, ಕೆಳಗಿನ ಮನೆಯಾಕೆಯನ್ನು ಬಾಗಿಲಿಗೆ ಕರೆತಂದೇ ಬಿಟ್ಟ.

"ಎಂತ ಮೇಡಂ ಇದು? ನಾವು ಊರಿಂದ ನಿನ್ನೆಯಷ್ಟೆ ಬಂದದ್ದು. ಗ್ಯಾಸ್ ಸಹ ಹೊತ್ತಿಸ್ಲಿಲ್ಲ," ಎಂದಳು ಆಕೆ. ಅಷ್ಟು ಹೇಳಿದವಳು ಅನುಮಾನದಿಂದ ತನ್ನ ದುಪಟ್ಟಾದ ಅಂಚನ್ನೇ ಮೂಸಿ ನೋಡಿದಳು.

ಇನ್ನೂ ಒಂದೆರಡು ತಿಂಗಳು ಕೊಳೆಯಲಿ ಎಂದುಕೊಂಡಿದ್ದವಳು ನಾನು. ಆಕೆ ಮೂಸಿದ್ದನ್ನು ನೋಡಿ ಎದ್ದೆ. ದೇವರ ಮನೆಯಿಂದ ಶಂಖ ತಂದು ಕಾರ್ಯದರ್ಶಿಯ ಮೂಗಿನ ಕೆಳಗೆ ಹಿಡಿದೆ. "ವಾಸನೆ ಇದರದ್ದು ಮೇಡಂ. ಒಳಗೆ ಕರುಳುಂಟು, ನಾನೇ ಬಿಟ್ಟದ್ದು."

ಭಜನೆ ನಿಂತಿತು. ಅವಳು ಒಮ್ಮೆ ಉಸಿರೆಳೆದುಕೊಂಡು ಓಕರಿಸಿದಳು. "ಎಸೀರಿ ಅದನ್ನ! ಹೊರಗೆ ಎಸೀರಿ!"

"ಇಷ್ಟು ದಿನ ಪೂಜೆ ಮಾಡಿದ್ದನ್ನು ಕಸಕ್ಕೆ ಎಸೆಯುವುದುಂಟಾ? ಕುದಿಸಿ ತೆಗೀಬೇಕು. ಪಾತ್ರೆ ಕೊಡಿ."

ಮೊಟ್ಟೆಯೂ ಕಾಲಿಡದ ಅಡುಗೆಮನೆ ಅದು. ಅವಳು ಅತ್ತಿತ್ತ ನೋಡಿದಳು. ಅಷ್ಟು ಜನರ ಮುಂದೆ ಶಂಖವನ್ನು ಕಸಕ್ಕೆ ಹಾಕಲು ಧೈರ್ಯ ಬರಲಿಲ್ಲ. ಹಾಲು ಕಾಯಿಸುವ ದೊಡ್ಡ ಪಾತ್ರೆಯನ್ನು ನಾನೇ ಒಲೆಗಿಟ್ಟೆ. ಇಕ್ಕಳದಲ್ಲಿ ಶಂಖವನ್ನು ಅವಳೇ ಹಿಡಿಯುವಂತೆ ಮಾಡಿದೆ. ನಾನು ತಂತಿ ಬಗ್ಗಿಸಿ ಮಾಡಿದ ಕೊಕ್ಕೆಗೆ ಸಿಕ್ಕಿದ ಕಪ್ಪು ಕರುಳು ಜಾರಿ ಅವಳ ಪಾತ್ರೆಗೆ ಬಿತ್ತು, ಹಬೆ ಅವಳ ಮುಖಕ್ಕೆ ಹೊಡೆಯಿತು. ಬಾಗಿಲಲ್ಲಿ ನನ್ನ ಮಗಳು ಮೂಗು ಮುಚ್ಚಿಕೊಂಡು ನಿಂತಿದ್ದಳು.

"ನನ್ನ ಮಗಳಿಗೆ ಒಂದು ವರ್ಷದಿಂದ ಒಂದು ಸಂಶಯ," ಎಂದೆ. "ಈ ವಾಸನೆ ಯಾರ ಮನೇದು ಮೇಡಂ? ಹೇಳಿ ಅವಳಿಗೆ."

"ನಮ್ಮನೇದು," ಎಂದಳು, ಮೆಲ್ಲಗೆ.

"ಅವತ್ತು ಇಷ್ಟು ಮೆಲ್ಲಗೆ ಹೇಳ್ಲಿಲ್ಲ ನೀವು."

"ನಮ್ಮನೇದೇ ಕಣ್ರೀ!" ಎಂದು ಕೂಗಿದಳು. ಕಣ್ಣಲ್ಲಿ ನೀರು ಬಂದಿತ್ತು.

ಮಗಳು ಮೂಗಿನಿಂದ ಕೈ ತೆಗೆದಳು. ನೀರು ಕೊತಕೊತ ಕುದಿಯುತ್ತಲೇ ಇತ್ತು. ನಾನು ಗ್ಯಾಸ್ ಆರಿಸಲಿಲ್ಲ.