ಭತ್ತದ ಕಾಳಿನ ಊರು

“ಅಜ್ಜಿ, ಕೋಳಿ!” ಎಂದು ನಾನು ಕೂಗುವಷ್ಟರಲ್ಲಿ ಅದು ಮೀನು ಒಣಗಿಸುವ ಬಯಲನ್ನೂ ಅರ್ಧ ಓಣಿಯನ್ನೂ ಹೆಕ್ಕಿ ತಿಂದಿತ್ತು.

ಸಿಂಧನೂರು ಬಳಿ ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ಅಂಗಳವದು. ಮದುವೆಯಾದ ಹೊಸತರಲ್ಲೇ ಬಂಗಾಳದ ಕಡಲತೀರ ಬಿಟ್ಟುಬಂದ ಅಜ್ಜಿ, ತಮ್ಮ ಮೀನುಗಾರರ ಊರನ್ನು ಭತ್ತದ ಕಾಳಿಟ್ಟು ತೋರಿಸುತ್ತಿದ್ದರು. ಒಂದು ಕಾಳಿಗೆ ಒಂದು ಮನೆ. ಆ ಊರನ್ನು ಕಂಡವರಲ್ಲಿ ಕ್ಯಾಂಪಿನಲ್ಲಿ ಉಳಿದಿರುವುದು ಅವರೊಬ್ಬರೇ. ಅದರ ಚರಿತ್ರೆ ಬರೆದಿಡಲು ಹೋಗಿದ್ದ ನಾನು, ಊರು ಪೂರ್ತಿಯಾದ ಮೇಲೆ ಫೋಟೊ ತೆಗೆದರಾಯಿತೆಂದು ಕಾದಿದ್ದೆ.

“ಯಾಕವ್ವಾ, ಮಾರಿ ಸಣ್ಣ ಮಾಡ್ಕೊಂಡಿ? ಆಗ ನಾವ ಬಿಟ್ಟು ಬಂದ್ವಿ, ಈಗ ಕೋಳಿ ತಿಂತು. ಮತ್ತ ಕಟ್ಟೂಣು ತಗೋ,” ಎಂದು ನಗುತ್ತಾ ಅಜ್ಜಿ ಮೊರದಿಂದ ಇನ್ನೊಂದು ಹಿಡಿ ಭತ್ತ ತೆಗೆದರು.

ದೋಣಿ ಕಟ್ಟುವ ಜಾಗ, ಬಲೆ ಹೆಣೆಯುವವರ ಓಣಿ, ಬಾವಿ ಎಲ್ಲವೂ ಮತ್ತೆ ಬಂದವು. ಬಾವಿಯ ಪಕ್ಕದ ಕಾಳಿನ ಮೇಲೆ ಅವರ ಬೆರಳು ನಿಂತಿತು.

“ಇಲ್ಲಿ ಯಾರಿದ್ರು?” ಎಂದು ನನ್ನನ್ನೇ ಕೇಳಿದರು. ಸ್ವಲ್ಪ ಹೊತ್ತಿನ ಹಿಂದೆ ಅವರೇ ಹೇಳಿದ್ದ ಆ ಹೆಸರನ್ನು ನಾನು ಬರೆದುಕೊಂಡಿರಲಿಲ್ಲ; ನನಗೂ ಅದು ನೆನಪಾಗಲಿಲ್ಲ.

ನನ್ನ ನಕ್ಷೆಯಲ್ಲಿ ಆ ಮನೆ ಇನ್ನೂ ಖಾಲಿ ಇದೆ. ಕ್ಯಾಂಪಿನಿಂದ ಫೋನ್ ಬಂದರೆ, ಅಜ್ಜಿಗೆ ಹೆಸರು ನೆನಪಾಯಿತೆಂದು ಹೇಳಲಿಕ್ಕೋ, ಅಜ್ಜಿಯೇ ಇಲ್ಲವೆಂದು ಹೇಳಲಿಕ್ಕೋ ಎಂದು ಎತ್ತಲು ಹಿಂಜರಿಯುತ್ತೇನೆ.