ದಾಕ್ಷಾಯಣಿಯ ಕಾಕಂಬಿ

ಚಳಿಗಾಲದ ಶನಿವಾರ ಬೆಳಿಗ್ಗೆ ಲೀಡ್ಸಿನ ಆ ಬೀದಿಯಲ್ಲಿ ದಾಕ್ಷಾಯಣಿಯೊಬ್ಬಳನ್ನು ಬಿಟ್ಟರೆ ಯಾರೂ ಹೊರಗೆ ಬರುವುದಿಲ್ಲ. ಸ್ವೆಟರಿನ ಮೇಲೆ ಗಂಡನ ಹಳೆಯ ರೇನ್‌ಕೋಟು ತೊಟ್ಟು, ನೀರಿನ ಪೈಪು ಹಿಡಿದು, ನೆಲಕ್ಕೆ ಮಂಡಿಯೂರಿ ಕಾರಿನ ಹೊಟ್ಟೆ ತೊಳೆಯುತ್ತಾಳೆ. ಮೇಲೆ ಎಷ್ಟೇ ಕೊಳೆಯಿರಲಿ, ಮುಟ್ಟುವುದಿಲ್ಲ. ಹೆಪ್ಪುಗಟ್ಟಿದ ರಸ್ತೆ ಜಾರದಿರಲೆಂದು ಊರಿನ ಕೌನ್ಸಿಲ್ಲಿನವರು ಹಾಕುವ ಉಪ್ಪು ಕಾರಿನ ಅಡಿಯಲ್ಲಿ ಕೂತು ಕಬ್ಬಿಣವನ್ನು ತಿನ್ನುತ್ತದೆ. ಮೇಲಿನಿಂದ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ.

“ಉಪ್ಪು ತಿಂದ ಕಾರು ನೀರು ಕುಡೀಲೇಬೇಕು, ಕುಡಿಸು,” ಎನ್ನುತ್ತಾನೆ ಗಂಡ ಸುಬ್ರಹ್ಮಣ್ಯ, ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು. ಅವನು ಆ ಕಡೆಯ ಜಿಪಿ ಡಾಕ್ಟರು. ಅರ್ಧ ಬೀದಿಯ ಜನರ ರಕ್ತದೊತ್ತಡ ಅವನಿಗೆ ಗೊತ್ತು. ತನ್ನ ಕಾರಿನ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಿಲ್ಲ.

ದಾಕ್ಷಾಯಣಿಗೆ ಗೊತ್ತು. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗ ಅಭಿರಾಮ್ ಶಾಲೆಗೆ ಹೋಗತೊಡಗಿದ ಮೇಲೆ ಊರಾಚೆಯ ಸಣ್ಣ ಲ್ಯಾಬೊಂದರಲ್ಲಿ ಅವಳು ಕೆಲಸಕ್ಕೆ ಸೇರಿದ್ದಳು. ಉಪ್ಪುನೀರಿಗೆ ಏನು ಬೆರೆಸಿದರೆ ಅದು ಕಬ್ಬಿಣವನ್ನು ಕಡಿಮೆ ತಿನ್ನುತ್ತದೆ ಎಂದು ಕೌನ್ಸಿಲ್ಲುಗಳಿಗೆ ಪರೀಕ್ಷಿಸಿ ಹೇಳುವ ಲ್ಯಾಬು ಅದು. ದಾಕ್ಷಾಯಣಿ ಸಕ್ಕರೆ ಕಾರ್ಖಾನೆಯ ಊರಾದ ಮಂಡ್ಯದವಳು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಅಂಟು ಕಾಕಂಬಿಯ ವಾಸನೆ ಅವಳ ಮೂಗಿನಿಂದ ಹೋಗಿರಲಿಲ್ಲ. ಹಲವು ಚಳಿಗಾಲ ಕೂತು ಕಾಕಂಬಿಯ ಮಿಶ್ರಣವೊಂದನ್ನು ಹದಕ್ಕೆ ತಂದಿದ್ದಳು. ಮುಂದಿನ ಚಳಿಗೆ ಅವಳ ಬೀದಿಯನ್ನೂ ನೋಡಿಕೊಳ್ಳುವ ಕೌನ್ಸಿಲ್ಲು ಹೊಸ ಮಿಶ್ರಣವೊಂದನ್ನು ಆರಿಸಲಿತ್ತು. ತನ್ನದಲ್ಲದೆ ಇನ್ಯಾವುದು ಎಂದುಕೊಂಡಿದ್ದಳು.

ಆಗ ಲ್ಯಾಬಿಗೆ ಬಂದಳು ಶರ್ವಾಣಿ. ಧಾರವಾಡದ ಹುಡುಗಿ, ಓದು ಮುಗಿಸಿ ಊರಿನ ಹೆಡಿಂಗ್ಲೀ ಬಡಾವಣೆಯ ಸಾಲುಮನೆಯೊಂದರಲ್ಲಿ ಗೆಳತಿಯರ ಜೊತೆ ಇದ್ದಳು. ಸೊಂಟಕ್ಕಿಳಿಯುವ ಜಡೆ. ಮೊದಲ ದಿನವೇ ಎದುರು ಬಂದು, “ನೀವು ಕನ್ನಡದವರು ಅಂತ ಕೇಳಿದೆ ಆಂಟಿ, ಜೀವಕ್ಕೆ ಸಮಾಧಾನ ಆತು,” ಎಂದಳು.

“ಅಕ್ಕ ಅಂದ್ರೆ ಸಾಕಮ್ಮ,” ಎಂದಳು ದಾಕ್ಷಾಯಣಿ. ಆಂಟಿ ಎಂಬುದು ಮಾತ್ರ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ದಿನವಿಡೀ ಉಳಿಯಿತು.

ಆಮೇಲೆ ಒಂದೊಂದೂ ಚುಚ್ಚತೊಡಗಿತು. ಲ್ಯಾಬಿನ ಯಜಮಾನ ಗ್ರಹಾಂ ಇಷ್ಟು ವರ್ಷ ದಾಕ್ಷಾಯಣಿಯನ್ನು ‘ಡ್ಯಾಕ್ಸ್’ ಎಂದೇ ಕರೆದವನು, ಶರ್ವಾಣಿಯ ಹೆಸರನ್ನು ‘ಣ’ಕಾರದ ಸಮೇತ ಕಲಿತ. ದಾಕ್ಷಾಯಣಿಯನ್ನು ‘ಪರವಾಗಿಲ್ಲ’ ಎಂಬುದನ್ನು ದಾಟಿ ಹೊಗಳದವನು ಆ ಹುಡುಗಿಗೆ ‘ಅದ್ಭುತ’ ಎಂದ. ಶರ್ವಾಣಿಯನ್ನು ಮನೆಗೆ ಊಟಕ್ಕೆ ಕರೆದ ದಿನವಂತೂ, ಅಮ್ಮ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಅಭಿರಾಮ್ ಚಪಾತಿಯ ಡಬ್ಬಿ ಹಿಡಿದು ಅವಳ ಮುಂದೆ ನಿಂತು, “ಇನ್ನೊಂದು ಹಾಕಲಾ?” ಎಂದು ಕೇಳಿದ. ಕನ್ನಡದಲ್ಲಿ. ಪಲ್ಯದ ಸೌಟು ದಾಕ್ಷಾಯಣಿಯ ಕೈಯಲ್ಲಿ ಹಾಗೇ ನಿಂತಿತು.

ಕೊನೆಗೆ ಕಾಕಂಬಿಗೇ ಕುತ್ತು ಬಂತು. ಯಾರ್ಕ್‌ಷೈರಿನ ಬಿಯರ್ ಭಟ್ಟಿಗಳಲ್ಲಿ ಚೆಲ್ಲಿಹೋಗುವ ಬಾರ್ಲಿ ರಸದಿಂದ ಶರ್ವಾಣಿ ಇನ್ನೊಂದು ಮಿಶ್ರಣ ಮಾಡಿದಳು. ಎರಡನ್ನೂ ಪರೀಕ್ಷೆಗಿಡೋಣ, ಗೆದ್ದದ್ದು ರಸ್ತೆಗೆ ಹೋಗಲಿ ಎಂದ ಗ್ರಹಾಂ.

“ಬಿಯರ್ ಕುಡಿದ ರಸ್ತೆ ಮೇಲೆ ನಾನು ಗಾಡಿ ಓಡಿಸಿದ್ರೆ ಪೊಲೀಸ್‌ನವರು ನನ್ನ ಹಿಡಿಯಲ್ವಾ?” ಎಂದ ಸುಬ್ರಹ್ಮಣ್ಯ. ಹೆಂಡತಿ ನಗಲಿಲ್ಲ.

ಪರೀಕ್ಷೆ ಸರಳವಾದದ್ದು. ಉಕ್ಕಿನ ವಾಷರುಗಳನ್ನು ಜಿಡ್ಡು ತೆಗೆಯುವ ಅಸಿಟೋನಿನಲ್ಲಿ ತೊಳೆದು, ತೂಗಿ, ದಾರಕ್ಕೆ ಪೋಣಿಸಿ, ಮಿಶ್ರಣ ಬೆರೆಸಿದ ಉಪ್ಪುನೀರಿಗೆ ಇಳಿಸುವುದು, ಎತ್ತುವುದು, ಮತ್ತೆ ಇಳಿಸುವುದು. ಕೆಲವು ದಿನಗಳ ನಂತರ ತುಕ್ಕು ತೆಗೆದು ಮತ್ತೆ ತೂಗುವುದು. ಕಡಿಮೆ ಸವೆದದ್ದು ಗೆದ್ದಂತೆ. ತೊಳೆದ ವಾಷರನ್ನು ಬರಿಗೈಯಲ್ಲಿ ಮುಟ್ಟಬಾರದು ಎಂಬುದೊಂದೇ ಕಟ್ಟುನಿಟ್ಟು.

ಫಲಿತಾಂಶ ಬಂದಾಗ ಎರಡೂ ಹೆಚ್ಚುಕಡಿಮೆ ಸಮ, ಬಾರ್ಲಿ ಕೂದಲೆಳೆಯಷ್ಟು ಮುಂದೆ. ಶರ್ವಾಣಿ ಊಟಕ್ಕೆ ಹೋದಾಗ ದಾಕ್ಷಾಯಣಿ ಅವಳ ವಾಷರುಗಳ ತಟ್ಟೆಯನ್ನು ಎತ್ತಿ ಮುಖದ ಹತ್ತಿರ ತಂದಳು. ಮೂಗಿಗೆ ತೆಂಗಿನೆಣ್ಣೆ ವಾಸನೆ ಬಡಿಯಿತು. ಆ ಜಡೆ! ಎಣ್ಣೆ ಹಚ್ಚಿದ ತಲೆ ಮುಟ್ಟಿ, ಅದೇ ಕೈಯಲ್ಲಿ ಕೆಲಸ ಮಾಡಿದ್ದಾಳೆ. ಎಣ್ಣೆ ಸವರಿದ ಕಬ್ಬಿಣವನ್ನು ಉಪ್ಪು ಹೇಗೆ ತಿಂದೀತು? ದಾಕ್ಷಾಯಣಿಗೆ ಎದೆಯೊಳಗೆ ದೀಪ ಹತ್ತಿದಷ್ಟು ಸಂತೋಷವಾಯಿತು. ನೇರ ಗ್ರಹಾಂನ ಕೋಣೆಗೆ ಹೋಗಿ ಹೇಳಿದಳು.

ಗ್ರಹಾಂ ಗಲ್ಲ ಕೆರೆದುಕೊಂಡ. “ಸರಿ ಡ್ಯಾಕ್ಸ್. ಇಬ್ಬರದೂ ಮತ್ತೆ ಮಾಡೋಣ. ಗ್ಲೌಸ್ ಹಾಕಿಕೊಂಡು, ನನ್ನ ಕಣ್ಣೆದುರಿಗೆ.”

ಶರ್ವಾಣಿ ಒಂದು ಮಾತೂ ಆಡದೆ ಗ್ಲೌಸ್ ಹಾಕಿಕೊಂಡಳು. ಆ ಮೌನವೂ ದಾಕ್ಷಾಯಣಿಗೆ ಸೊಕ್ಕಿನಂತೆಯೇ ಕಂಡಿತು.

ಎರಡನೆಯ ಸಲ ಬಾರ್ಲಿಯ ವಾಷರುಗಳು ಮೊದಲಿನಷ್ಟೇ ಹೊಳೆದವು. ಕಾಕಂಬಿಯವು ಕಂದಿದ್ದವು, ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ದಾಕ್ಷಾಯಣಿ ಒಂದೊಂದನ್ನೂ ಮತ್ತೆ ತೂಗಿದಳು.

“ಇದೇನಿದು? ಹೋದ ಸಲ ಚೆನ್ನಾಗಿತ್ತಲ್ಲ?” ಎಂದ ಗ್ರಹಾಂ.

ಅವನು ಫೋನಿಗೆ ಓಗೊಟ್ಟು ಆಚೆ ಹೋದಾಗ ಶರ್ವಾಣಿ ಮೆಲ್ಲಗೆ ಹತ್ತಿರ ಬಂದಳು. “ಅಕ್ಕ, ಬೇಜಾರು ಮಾಡ್ಕೋಬ್ಯಾಡ್ರಿ. ನಮ್ಮ ಮನ್ಯಾಗ ತಲೀಗೆ ಹರಳೆಣ್ಣೆ. ಅದನ್ನೂ ಇಲ್ಲಿಗೆ ಬಂದ ಮ್ಯಾಲೆ ಬಿಟ್ಟೀನಿ. ತೆಂಗಿನೆಣ್ಣೆ ವಾಸನೆ...” ಎಂದು ನಿಲ್ಲಿಸಿ, ದಾಕ್ಷಾಯಣಿಯ ಮೇಜಿನ ಪಕ್ಕದ ರೇಡಿಯೇಟರಿನ ಕಡೆ ನೋಡಿದಳು.

ಅಲ್ಲಿ ಪುಟ್ಟ ಬಾಟಲಿಯಿತ್ತು. ಅಸಿಟೋನಿಗೆ, ಚಳಿಗೆ ಬಿರಿದ ಬೆರಳುಗಳಿಗೆ ದಾಕ್ಷಾಯಣಿ ಗಳಿಗೆಗೊಮ್ಮೆ ಸವರಿಕೊಳ್ಳುವ ತೆಂಗಿನೆಣ್ಣೆ. ಇಲ್ಲಿನ ಚಳಿಗೆ ಅದು ಮೇಣವಾಗುವುದರಿಂದ ರೇಡಿಯೇಟರಿನ ಮೇಲೆಯೇ ಅದರ ವಾಸ. ಗ್ಲೌಸ್ ಹಾಕಿದರೆ ಬಿರುಕು ಉರಿಯುತ್ತದೆಂದು ತೆಗೆದಿಡುತ್ತಿದ್ದಳು. ಮೊದಲ ಸಲ ಕಾಕಂಬಿಯ ಒಂದೊಂದು ವಾಷರನ್ನೂ, ತನ್ನದೆಂಬ ಅಕ್ಕರೆಗೆ, ಬೆಳಕಿಗೆ ಹಿಡಿದು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದಳು. ಶರ್ವಾಣಿಯ ತಟ್ಟೆ ಎತ್ತಿದಾಗ ಮೂಗಿಗೆ ಬಡಿದದ್ದು ತನ್ನದೇ ಕೈಯ ವಾಸನೆ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಹೆಂಗ ಹೇಳ್ಲಿ ಅಕ್ಕ? ಮಗೂನ ಎತ್ತಿಕೊಂಡಂಗ ಹಿಡ್ಕೊಂಡಿದ್ರಿ.”

ಗ್ರಹಾಂ ಮರಳಿದ. ದಾಕ್ಷಾಯಣಿ ಬಾಯಿ ತೆರೆಯುವ ಮೊದಲೇ ಶರ್ವಾಣಿ ಇಂಗ್ಲಿಷಿನಲ್ಲಿ ಹೇಳಿದಳು: ಹೋದ ಸಲದ ಕಾಕಂಬಿ ಬೇರೆ ಡ್ರಮ್ಮಿನದಿರಬೇಕು, ಅದಕ್ಕೇ ಈ ವ್ಯತ್ಯಾಸ.

ಸುಳ್ಳು. ಅದೂ ಎಷ್ಟು ಸಲೀಸಾಗಿ, ಎಷ್ಟು ದೊಡ್ಡ ಮನಸ್ಸಿನಿಂದ ಹೇಳಿದ ಸುಳ್ಳು! ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಹೆಸರು ಅವಳಿಗೆ, ಹೊಗಳಿಕೆ ಅವಳಿಗೆ, ಮಗನ ಕನ್ನಡ ಅವಳಿಗೆ, ರಸ್ತೆಯೂ ಅವಳಿಗೆ. ಈಗ ಒಳ್ಳೆಯತನವೂ ಅವಳದೇ ಆಗಬೇಕೆ?

“ಡ್ರಮ್ಮು ಒಂದೇ ಗ್ರಹಾಂ,” ಎಂದಳು, ಬಾಟಲಿಯನ್ನು ತಂದು ಅವನ ಮುಂದಿಟ್ಟು. “ಎಣ್ಣೆ ನನ್ನದು. ಕೈಯೂ ನನ್ನದು. ಇವಳದು ಮೊದಲಿನಿಂದಲೂ ಸರಿಯಾಗಿತ್ತು.”

ಹೀಗೆ ಹೊಟ್ಟೆಕಿಚ್ಚು ಅವಳ ಬಾಯಿಂದ ನಿಜ ಆಡಿಸಿತು. ಗ್ರಹಾಂ ಬಾಟಲಿಯನ್ನು ಮೂಸಿ ನೋಡಿ, ಮುಚ್ಚಳ ತಿರುಗಿಸಿ ಕೊಟ್ಟ. ಶರ್ವಾಣಿಯ ಕಣ್ಣು ತುಂಬಿತ್ತು. ಆ ಕಣ್ಣೂ ಎಷ್ಟು ಚೆಂದ ಎಂದು ದಾಕ್ಷಾಯಣಿಗೆ ಸಿಟ್ಟು ಬಂತು.

ಮುಂದಿನ ಚಳಿಗಾಲ ರಸ್ತೆ ಮೊದಲ ಸಲ ಹೆಪ್ಪುಗಟ್ಟಿದ ಶುಕ್ರವಾರ ಸಂಜೆ ಕೌನ್ಸಿಲ್ಲಿನ ಹಳದಿ ಲಾರಿ ಬಾರ್ಲಿ ಮಿಶ್ರಣ ಚೆಲ್ಲುತ್ತ ಬೀದಿಯಲ್ಲಿ ಹಾದುಹೋಯಿತು. ದಾಕ್ಷಾಯಣಿ ಪರದೆಯ ಸಂದಿಯಿಂದ ನೋಡಿದಳು. ಆ ಲಾರಿಯ ಹಿಂದೆ ಕಾಕಂಬಿಯ ಕಪ್ಪು ಹನಿಗಳನ್ನು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು.

ಮರುದಿನ ಎಂದಿನ ಹಾಗೆ ರೇನ್‌ಕೋಟು ತೊಟ್ಟು ಹೊರಗೆ ಬಂದಳು. ಪೈಪನ್ನು ಮಾತ್ರ ಮುಟ್ಟಲಿಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಲ್ಯಾಬಿನಿಂದ ತಂದ ಹೊಸ ವಾಷರೊಂದಿತ್ತು. ಮಂಡಿಯೂರಿ ಅದನ್ನು ತಂತಿಯಿಂದ ಕಾರಿನ ಅಡಿಗೆ ಕಟ್ಟಿದಳು.

“ಇವತ್ತು ತೊಳಿಯಲ್ವಾ?” ಎಂದ ಸುಬ್ರಹ್ಮಣ್ಯ ಬಾಗಿಲಿನಿಂದ.

“ಈ ಚಳಿಗಾಲ ಪೂರ್ತಿ ತೊಳಿಯಲ್ಲ. ಬೇಸಿಗೆಗೆ ಬಿಚ್ಚಿ ನೋಡ್ತೀನಿ. ಅವಳ ಬಾರ್ಲಿ ಏನು ಘನಂದಾರಿ ಕೆಲಸ ಮಾಡಿದೆ ಅಂತ.”

ಅವನು ಕಾಫಿಯ ಕೊನೆಯ ಗುಟುಕು ಮುಗಿಸಿದ. “ತುಕ್ಕು ಹಿಡೀಲಿ ಅಂತ ಕಾಯ್ತೀಯೋ, ಹಿಡೀದೆ ಇರಲಿ ಅಂತಲೋ?”

ದಾಕ್ಷಾಯಣಿ ಮೇಲೆದ್ದು ಮಂಡಿಗೆ ಹತ್ತಿದ ಉಪ್ಪಿನ ಹರಳುಗಳನ್ನು ಕೊಡವಿದಳು. ಕಾರನ್ನೊಮ್ಮೆ, ಬೆಳ್ಳಗೆ ಒಣಗುತ್ತಿದ್ದ ರಸ್ತೆಯನ್ನೊಮ್ಮೆ ನೋಡಿದಳು.

“ಕಾರು ನಮ್ದಲ್ವೇನ್ರೀ,” ಎಂದಳು.