ಗಂಡನ ಹೆಸರು ಕೇಳಿದ ಪಂಡಿತರು

ಗಂಗಾವತಿಯಲ್ಲಿ ಓದಿದ್ದರಿಂದ ನನಗೆ ಉರ್ದು ಬರುತ್ತಿತ್ತು. ಇರಕಲ್ಲಗಡದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಸರ್ಕಾರದ ಉರ್ದು ಕಾಗದ ಬಂದಾಗ ಮಾವನವರಿಗೆ ಓದಿ ಹೇಳುವುದಷ್ಟೇ ಅದರ ಕೆಲಸ. ನಲವತ್ತರ ದಶಕದ ಒಂದು ಚಳಿಗಾಲದಲ್ಲಿ ಅದು ಬೇರೆಯದಕ್ಕೂ ಒದಗಿತು.

ಹೈದರಾಬಾದಿನಿಂದ ವಯಸ್ಸಾದ ಪಂಡಿತರೊಬ್ಬರು ಬಂದು ನಮ್ಮ ಪಡಸಾಲೆಯಲ್ಲಿ ಇಳಿದುಕೊಂಡರು. ಅವರದು ಮಾನವಶಾಸ್ತ್ರವಂತೆ; ಕನ್ನಡ ಬಾರದು. ಪೆಟ್ಟಿಗೆಯಲ್ಲಿ ತಲೆ ಅಳೆಯುವ ಉಕ್ಕಿನ ಇಕ್ಕಳವಿತ್ತು. ಮೊದಲ ದಿನ ಹತ್ತಾರು ಗಂಡಸರು ತಲೆ ಕೊಟ್ಟರು. ಸಂಜೆಗೆ, “ಯುದ್ಧಕ್ಕ ಕರಕೊಂಡು ಹೋಗಾಕ ಟೊಪಗಿ ಅಳತಿ ತಗೊಳ್ಳಾಕ ಹತ್ಯಾರ” ಎಂಬ ಸುದ್ದಿ ಹಬ್ಬಿತು. ಮರುದಿನ ಊರಲ್ಲಿ ಒಂದು ತಲೆಯೂ ಸಿಗಲಿಲ್ಲ.

ಅವತ್ತು ರೊಟ್ಟಿ ಬಡಿಸುತ್ತ ಅತ್ತೆ ನನಗೆ ಹೇಳಿದರು: “ತಲಿ ಅಳದ್ರ ತಲಿಯೊಳಗಿಂದು ತಿಳಿತೈತೇನು, ಕೇಳವಾ ಅವರಿಗೆ.”

ನಾನು ಅಂಜಿದೆ. ಮಾವನವರು ‘ಕೇಳು’ ಎಂದು ತಲೆಯಾಡಿಸಿದ ಮೇಲೆ ಉರ್ದುವಿನಲ್ಲಿ ಕೇಳಿದೆ. ಪಂಡಿತರು ಜೋರಾಗಿ ನಕ್ಕರು.

“ತಿಳಿಯುವುದಿಲ್ಲ ತಾಯಿ. ಅದಕ್ಕೇ ನಮ್ಮ ವಿದ್ಯೆ ಅಳತೆಯಲ್ಲಿ ಮುಗಿಯುವುದಿಲ್ಲ. ಯಾರನ್ನು ಏನೆಂದು ಕರೆಯುತ್ತೀರಿ, ಯಾರ ಮನೆಗೆ ಹೆಣ್ಣು ಕೊಡುತ್ತೀರಿ, ತೊಟ್ಟಿಲ ಮುಂದೆ ಏನು ಹಾಡುತ್ತೀರಿ, ಎಲ್ಲವೂ ಬೇಕು.”

“ಯವ್ವಾ! ಇದಕ್ಕೂ ಒಂದು ಸಾಲಿ ಐತಿ?” ಎಂದು ಅತ್ತೆ ಗಲ್ಲದ ಮೇಲೆ ಕೈಯಿಟ್ಟರು.

ಹೆಂಗಸರನ್ನು ಮಾತಾಡಿಸಲು ದುಭಾಷಿಯಾಗಿ ನಾನೇ ನಿಂತೆ. ಮಾವನವರು ಕಂಬಕ್ಕೆ ಒರಗಿ ಕೂತರು. ಪಂಡಿತರು ನನ್ನಿಂದಲೇ ಶುರು ಮಾಡಿದರು: “ನಿಮ್ಮ ಯಜಮಾನರ ಹೆಸರೇನು?”

ನಾನು ನಾಚಿ ಅತ್ತೆಯ ಕಡೆ ತಿರುಗಿದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ಗಂಡನ ಹೆಸರು ಹೇಳಂಗಿಲ್ರಿ ನಮ್ಮಾಗ. ಮದುವ್ಯಾಗ ಒಡಪಿನ ಹಾಡಿನೊಳಗ ಹೆಸರು ಕಟ್ಟಿ ಹೇಳಬೇಕು ಅಷ್ಟ. ಅದಕ್ಕ ನಾವು ದವಾಖಾನಿ ಮೆಟ್ಟಲಾನೂ ಹತ್ತಂಗಿಲ್ಲ.”

ಪಂಡಿತರ ಲೇಖನಿ ನಿಂತಿತು. “ದವಾಖಾನೆಗೂ ಇದಕ್ಕೂ ಏನು ಸಂಬಂಧ?”

ಅತ್ತೆ ಪಕ್ಕದ ಮನೆಯ ಸೊಸೆಯನ್ನು ಮುಂದೆ ತಳ್ಳಿದರು. ಅವಳ ಕೂಸಿನ ಕಣ್ಣು ಬಂದಿತ್ತು, ರೆಪ್ಪೆಗಳು ಅಂಟಿಕೊಂಡಿದ್ದವು. ಅವಳು ತಡವರಿಸುತ್ತ ಹೇಳಿದಳು: “ಕಂಪೌಂಡರ್ ಸಾಹೇಬರು ಗಂಡನ ಹೆಸರು ಹೇಳು ಅಂದ್ರು. ಸೋಮವಾರ ಒಪ್ಪತ್ತು ಮಾಡ್ತೀವಲ್ರಿ, ಆ ದೇವರ ಹೆಸರು ಅಂದೆ. ಅವರು ಪುಸ್ತಕದಾಗ ಸೋಮವಾರ ಅಂತ ಬರಕೊಂಡ್ರು. ಕುಂತ ಗಂಡಸರೆಲ್ಲಾ ನಕ್ಕರು. ಔಷಧ ಬ್ಯಾಡ ಅಂತ ಬಂದ್ಬಿಟ್ಟೆ.”

ಮರುದಿನ ಬೆಳಿಗ್ಗೆ ಪಂಡಿತರು, ಮಾವನವರು, ನಾನು, ಕೂಸನ್ನೆತ್ತಿಕೊಂಡ ಅವಳು, ನಾಲ್ವರೂ ದವಾಖಾನೆಗೆ ಹೋದೆವು. ಕಂಪೌಂಡರ್ ಹೊರಗಿನ ಊರಿನವರು, ಕನ್ನಡ ಅಷ್ಟಕ್ಕಷ್ಟೆ. “ಏನು ಮಾಡಲಿ? ಈ ಹೆಂಗಸರಿಗೆ ಔಷಧದ ಮೇಲೆ ನಂಬಿಕೆಯೇ ಇಲ್ಲ” ಎಂದು ಉರ್ದುವಿನಲ್ಲಿ ಗೊಣಗಿದರು.

ಪಂಡಿತರು ಮೆತ್ತಗೆ ಕೇಳಿದರು: “ಮನೆಯಲ್ಲಿ ನಿಮ್ಮ ಬೇಗಂ ನಿಮ್ಮನ್ನು ಏನೆಂದು ಕರೆಯುತ್ತಾರೆ?”

“‘ಅಜೀ, ಸುನ್ತೇ ಹೋ’, ರೀ ಕೇಳಿಸಿತಾ ಅಂತ...” ಎನ್ನುತ್ತಲೇ ಅವರು ಹಣೆ ಚಚ್ಚಿಕೊಂಡರು. “ಹಾಯ್ ಅಲ್ಲಾ! ಇಷ್ಟೇನಾ? ನಾನು ಇವರನ್ನು ಮೊಂಡರು ಎಂದುಕೊಂಡಿದ್ದೆ.” ಕೂಸಿನ ಕಣ್ಣಿಗೆ ತಾವೇ ಔಷಧ ಹಾಕಿದರು. ನಾನು ಮುಂದೆ ಬಂದು ಪಕ್ಕದ ಮನೆಯ ಗೆಳತಿಯ ಗಂಡನ ಹೆಸರು ಹೇಳಿದೆ. ಬೇರೆಯವಳ ಗಂಡನ ಹೆಸರು ಹೇಳಲು ನನಗೇನು ಅಡ್ಡಿ?

ಅದೇ ರೂಢಿಯಾಯಿತು. ನಮ್ಮ ಓಣಿಯ ಹೆಂಗಸರು ಜೋಡಿಜೋಡಿಯಾಗಿ ದವಾಖಾನೆಗೆ ಹೊರಟರು. ಇವಳ ಗಂಡನ ಹೆಸರು ಅವಳು, ಅವಳ ಗಂಡನ ಹೆಸರು ಇವಳು. ಚಳಿಜ್ವರದ ಕಹಿ ಗುಳಿಗೆಯನ್ನೂ ನಗುತ್ತಲೇ ನುಂಗಿದರು. ಕೂಸಿನ ಕಣ್ಣು ವಾರದಲ್ಲಿ ತಿಳಿಯಾಯಿತು.

ಪಂಡಿತರು ಇನ್ನೂ ಇಪ್ಪತ್ತು ದಿನ ಇದ್ದರು. ಹೊಲಕ್ಕೆ ಓಡಿಹೋಗಿದ್ದ ಗಂಡಸರು ಯುದ್ಧದ ಅಂಜಿಕೆ ಬಿಟ್ಟು ತಾವಾಗಿಯೇ ಬಂದು ಇಕ್ಕಳಕ್ಕೆ ತಲೆ ಬಗ್ಗಿಸಿದರು. ಆದರೆ ಪಂಡಿತರಿಗೆ ಅಳತೆಗಿಂತ ಮಾತೇ ಹೆಚ್ಚು ರುಚಿಸಿತ್ತು. ಅತ್ತೆಯೂ ಬಿಡಲಿಲ್ಲ. ನಿಮ್ಮ ಹೆಂಡತಿ ಯಾವ ಊರಾಕಿ, ಮಗಳನ್ನ ಎಲ್ಲಿ ಕೊಟ್ಟೀರಿ, ಹಬ್ಬಕ್ಕ ಏನು ಅಡಗಿ ಮಾಡ್ತೀರಿ ಎಂದು ಕೆದಕಿ ಕೆದಕಿ ಕೇಳಿದರು. ಒಂದು ಮಧ್ಯಾಹ್ನ ಪಂಡಿತರು ಪುಸ್ತಕ ಮುಚ್ಚಿ, “ಇವತ್ತು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಉತ್ತರ ಮಾತ್ರ ಕೊಟ್ಟೆ” ಎಂದು ನನ್ನ ಕಡೆ ನೋಡಿ ನಕ್ಕರು.

ಅವರು ಇಟಗಿಯ ಕಡೆ ಹೊರಟ ದಿನ ಅತ್ತೆ ಬಂಡಿಯ ತನಕ ಬಂದು ರೊಟ್ಟಿಯ ಗಂಟು ಕೊಟ್ಟರು. ಒಳಗೆ ಬಂದವರೇ ನನ್ನನ್ನು ಕರೆದರು: “ಅವರ ಮನಿಯಾಗೂ ಸೊಸಿ ಅತ್ತಿ ಮುಂದ ಕುರ್ಚಿ ಮ್ಯಾಲ ಕೂಡಂಗಿಲ್ಲಂತ ನೋಡವಾ. ಹೈದರಾಬಾದ್ ಏನು ಭಾಳ ದೂರ ಇಲ್ಲ ಬಿಡು.”